ಆಳದ್ದೊಂದು, ದಂಡೆಯದ್ದೊಂದು, ಹೊಳೆಯದ್ದೊಂದು

ನಮ್ಮ ಗಣಿತದ ಸರ್ ತೀರಿಕೊಂಡ ಸುದ್ದಿ ನನಗೆ ಸಿಕ್ಕಿದ್ದು ತಮ್ಮನ ಹೆಂಡತಿಯಿಂದ. ಫೋನಿನಲ್ಲಿ ಅವಳು ಮೊದಲು ಹೊನ್ನಾವರದ ಮಳೆಯ ಸುದ್ದಿ ಹೇಳಿದಳು, ಆಮೇಲೆ ಬಂಗಡೆ ಮೀನಿನ ರೇಟು ಹೇಳಿದಳು, ಕೊನೆಗೆ ಫೋನಿಡುವ ಹೊತ್ತಿಗೆ "ಅಂದಹಾಗೆ ಅಕ್ಕಾ, ನಿಮ್ಮ ಆ ಲೆಕ್ಕದ ಸರ್ ಹೋದ್ರಂತೆ" ಎಂದಳು. ಅವಳ ತಪ್ಪಿಲ್ಲ. ಅವಳು ಘಟ್ಟದ ಮೇಲಿನವಳು, ಅವರನ್ನು ಕಂಡವಳೂ ಅಲ್ಲ. ಆದರೆ ನನಗೆ ಅವತ್ತು ಯಾವ ಕೆಲಸಕ್ಕೂ ಕೈ ಹೋಗಲಿಲ್ಲ.

ಮುಂದಿನ ವಾರ ಊರಿಗೆ ಹೋದಾಗ ಹಳೆಯ ವಿದ್ಯಾರ್ಥಿಗಳು ಶ್ರದ್ಧಾಂಜಲಿ ಸಭೆ ಇಟ್ಟುಕೊಂಡಿದ್ದರು. ಮೈಕು ಹಿಡಿದವರೆಲ್ಲ ಅವರನ್ನು ಶಾಂತಮೂರ್ತಿ ಎಂದರು, ಸಹನೆಯ ಸಾಗರ ಎಂದರು. ನನಗೆ ಸಿಟ್ಟು ಬಂತು. ಸತ್ತವರ ಬಗ್ಗೆ ಒಳ್ಳೆಯ ಮಾತಾಡಬೇಕು ನಿಜ, ಹಾಗೆಂದು ಬೇರೆ ಯಾರದೋ ಬಗ್ಗೆ ಆಡಬೇಕೇ? ನಮ್ಮ ಸರ್ ಮಹಾ ಮುಂಗೋಪಿ. ಒಂದು ಸಮೀಕರಣ ತಪ್ಪಿದರೆ ಡಸ್ಟರು ಕಿಟಕಿಯಿಂದ ಆಚೆ ಹಾರುತ್ತಿತ್ತು. ಆಮೇಲೆ ಅವರೇ ಹೋಗಿ, ಮಳೆಯಾದರೆ ಕೊಡೆ ಹಿಡಿದುಕೊಂಡು, ಹುಲ್ಲಿನಲ್ಲಿ ಹುಡುಕಿ ತರುತ್ತಿದ್ದರು. ನಾವು ಕಿಟಕಿಯಲ್ಲಿ ನಿಂತು "ಬಲಕ್ಕೆ ಸರ್, ಇನ್ನೂ ಬಲಕ್ಕೆ" ಎಂದು ದಾರಿ ತೋರಿಸುತ್ತಿದ್ದೆವು. ವಾಪಸ್ಸು ಬರುವಾಗ ಸಿಟ್ಟು ಇಳಿದಿರುತ್ತಿತ್ತು. ಇಂಥವರನ್ನು ಶಾಂತಮೂರ್ತಿ ಮಾಡಿ ಫೋಟೋಕ್ಕೆ ಹಾರ ಹಾಕಿದರೆ ಯಾರಿಗೆ ಸಮಾಧಾನ?

ಕುಳ್ಳಗಿನ ಆಳು. ಅಂಗಿಯ ಕಿಸೆಯಲ್ಲಿ ಸೀಮೆಸುಣ್ಣದ ತುಂಡುಗಳನ್ನು ತುಂಬಿಕೊಳ್ಳುತ್ತಿದ್ದರು. ಬೆವರಿಗೆ ಅದು ಕರಗಿ ಎದೆಯ ಮೇಲೆ ಯಾವಾಗಲೂ ಒಂದು ಬಿಳಿ ಕಲೆ. ಕಾಗಾಲದ ರೈತರ ಮನೆಯವರು. ನಮ್ಮ ಹೊನ್ನಾವರದ ಜೂನಿಯರ್ ಕಾಲೇಜಿಗೆ ಗಣಿತ ಕಲಿಸಲು ಬಂದು ಬಂದರಿನ ಹತ್ತಿರವೇ ಬಾಡಿಗೆ ಮನೆ ಹಿಡಿದಿದ್ದರು. ಅಷ್ಟು ಹತ್ತಿರ ಇದ್ದೂ ದೋಣಿ ಹತ್ತಲು ಪ್ರಾಣಭಯ. ಒಮ್ಮೆ ನಾವೆಲ್ಲ ಸೇರಿ, ಹೊಳೆಯಲ್ಲಿ ಒಂದು ಸುತ್ತು ಹೋಗಿ ಬರುವ ಬನ್ನಿ ಸರ್ ಎಂದು ಕರೆದೆವು. "ನೀವು ಹೋಗಿ ಬನ್ನಿ. ನಾ ಇಲ್ಲೇ ನಿಂತು ನಿಮ್ಮ ಚಪ್ಪಲಿ ಕಾಯ್ತೆ" ಎಂದರು. ನಾವು ತಿರುಗಿ ಬರುವವರೆಗೂ ದಡದಲ್ಲಿ ಕೊಡೆ ಬಿಡಿಸಿಕೊಂಡು ಚಪ್ಪಲಿಗಳ ನಡುವೆ ನಿಂತೇ ಇದ್ದರು.

ಅವರು ಕಲಿಸಿದ ಗಣಿತ ನನಗೆ ಹೆಚ್ಚೇನೂ ಉಳಿದಿಲ್ಲ. ಉಳಿದದ್ದು ಜೂನ್ ತಿಂಗಳ ಅವರ ಇನ್ನೊಂದು ಕಸುಬು. ಪಿಯುಸಿ ಫಲಿತಾಂಶ ಬಂತೆಂದರೆ ಅವರ ಮನೆಯ ಜಗುಲಿ ತುಂಬಿ ಹೋಗುತ್ತಿತ್ತು. ಮುಂದೆ ಯಾವ ಕಾಲೇಜಿಗೆ ಅರ್ಜಿ ಹಾಕಬೇಕು ಎಂದು ಕೇಳಲು ಭಟ್ಕಳದಿಂದ ಕುಮಟಾದವರೆಗಿನ ಮಕ್ಕಳು ಬರುತ್ತಿದ್ದರು. ಈಗಿನ ಹಾಗೆ ಒಂದು ಪರೀಕ್ಷೆ, ಒಂದು ರ‍್ಯಾಂಕು, ಕಂಪ್ಯೂಟರು ತೋರಿಸಿದ ಸೀಟು ಇರಲಿಲ್ಲ. ಎಪ್ಪತ್ತರ ದಶಕ ಮುಗಿಯುತ್ತ ಬಂದ ಕಾಲ ಅದು. ಬೇಕಾದ ಕಾಲೇಜಿಗೆ ಅಂಚೆಯಲ್ಲಿ ಬರೆದು ಅರ್ಜಿ ತರಿಸಬೇಕು. ಅಂಕಪಟ್ಟಿಯ ನಕಲನ್ನು ಟೈಪ್ ಮಾಡಿಸಿ ದೊಡ್ಡ ಸಾಹೇಬರ ಸಹಿ ಹಾಕಿಸಬೇಕು. ಕಳಿಸಬೇಕು, ಆಮೇಲೆ ಪೋಸ್ಟಿನವನ ಮುಖ ನೋಡುತ್ತ ಕೂರಬೇಕು. ಹೀಗಾಗಿ ಯಾವುದಕ್ಕೆ ಹಾಕುವುದು, ಯಾವುದಕ್ಕೆ ಬಿಡುವುದು ಎಂಬುದೇ ದೊಡ್ಡ ವಿಚಾರ.

ನಮ್ಮ ಕಡೆಯವರು ಈ ವಿಚಾರವನ್ನು ಬಹಳ ಸುಲಭ ಮಾಡಿಕೊಂಡಿದ್ದರು. ಎಲ್ಲಿ ನೆಂಟರ ಮನೆ ಇದೆಯೋ ಅಲ್ಲಿನ ಕಾಲೇಜು. ಹುಬ್ಬಳ್ಳಿಯಲ್ಲಿ ದೊಡ್ಡಪ್ಪ ಇದ್ದರೆ ಹುಬ್ಬಳ್ಳಿ, ಕಾರವಾರದಲ್ಲಿ ಚಿಕ್ಕಮ್ಮ ಇದ್ದರೆ ಕಾರವಾರ. ಸರ್ ಇದನ್ನು ಕೇಳಿದರೆ ಕೆಂಡವಾಗುತ್ತಿದ್ದರು. "ನೀ ಓದೂಕೆ ಹೋಗೂದಾ, ಊಟಕ್ಕೆ ಹೋಗೂದಾ? ಊಟಕ್ಕಾದ್ರೆ ನಮ್ಮನೆಗೇ ಬಾ, ಧಾರವಾಡಕ್ಕೆ ಎಂತಕ್ಕೆ?"

ಅವರದೊಂದು ಪದ್ಧತಿ. ಪ್ರತಿಯೊಬ್ಬರೂ ಮೂರು ನಮೂನೆಯ ಕಾಲೇಜಿಗೆ ಬರೆಯಬೇಕು. ಆಳದ್ದೊಂದು, ದಂಡೆಯದ್ದೊಂದು, ಹೊಳೆಯದ್ದೊಂದು. ಆಳದ್ದು ಎಂದರೆ ನಿನ್ನ ಅಂಕಕ್ಕೆ ಸಿಗುವುದು ಕಷ್ಟ, ಸಿಕ್ಕರೆ ಹಬ್ಬ. ದಂಡೆಯದ್ದು ನಿನ್ನ ಅಂಕಕ್ಕೆ ಸರಿಯಾಗಿ ಇರುವಂಥದ್ದು, ಸಿಗಲೂಬಹುದು ಬಿಡಲೂಬಹುದು. ಹೊಳೆಯದ್ದು ಖಂಡಿತ ಸಿಗುವಂಥದ್ದು. ಮಳೆಗಾಲದಲ್ಲಿ ಸಮುದ್ರಕ್ಕೆ ಇಳಿಯಲಾಗದೆ ಹೊಳೆಯಲ್ಲೇ ಬಲೆ ಬೀಸಿ ಸಾರಿಗಾಗುವಷ್ಟು ಮೀನು ಹಿಡಿಯುವ ನಮಗೆ ಇದು ಥಟ್ಟನೆ ತಿಳಿಯುತ್ತಿತ್ತು. ಆದರೆ ಸರ್‌ಗೆ ಮೀನು ತಿನ್ನುವುದು ಗೊತ್ತಿತ್ತೇ ಹೊರತು ಹಿಡಿಯುವುದು ಗೊತ್ತಿರಲಿಲ್ಲ. "ಬಂಗಡೆಗೆ ಆಳಕ್ಕೇ ಹೋಗಬೇಕು" ಎಂದು ವಿವರಿಸಲು ಹೋಗುತ್ತಿದ್ದರು. ದೋಣಿ ಮನೆಗಳಿಂದ ಬಂದ ನಾವು ಮುಸಿಮುಸಿ ನಗುತ್ತಿದ್ದೆವು. ಬಂಗಡೆ ದಂಡೆಗೇ ಬತ್ತದೆ ಸರ್ ಎಂದರೆ, "ನಿಮ್ಮ ದಂಡೆಗೆ ಬರ್ತದೆ, ಕಾಗಾಲದಲ್ಲಿ ಬರೂದಿಲ್ಲ" ಎಂದು ಮುಂದಕ್ಕೆ ಹೋಗಿಬಿಡುತ್ತಿದ್ದರು.

ಮೂರರಲ್ಲಿ ಮೊದಲು ತುಂಬಬೇಕಾದದ್ದು ಹೊಳೆಯದ್ದು. ಅದನ್ನೇ ಎಲ್ಲಕ್ಕಿಂತ ದುಂಡಗಿನ ಅಕ್ಷರದಲ್ಲಿ ಬರೆಯಬೇಕು. ಹೇಗೂ ಸಿಗುತ್ತದಲ್ಲ ಎಂದು ಗೀಚಿ ತಂದವರ ಅರ್ಜಿಯನ್ನು ಅವರು ಕಣ್ಣೆದುರೇ ಹರಿದದ್ದುಂಟು. "ಅಲ್ಲಿಗೆ ಹೋಗೂಕೆ ಮನಸ್ಸಿಲ್ಲದಿದ್ರೆ ಅದರ ಹೆಸರು ಬರೀಲೇಬೇಡ. ಸಿಕ್ಕಿದ ಮೇಲೆ ಅಳ್ತಾ ಹೋಗೂ ಕಾಲೇಜು ನಿನಗೆ ಎಂತಕ್ಕೆ ಬೇಕು?" ಹೊಳೆಯ ಕಾಲೇಜನ್ನು ಆರಿಸುವುದರಲ್ಲೇ ಅವರು ಹೆಚ್ಚು ಹೊತ್ತು ಕಳೆಯುತ್ತಿದ್ದರು. ಅಲ್ಲಿ ಪ್ರಯೋಗಶಾಲೆ ಹೇಗಿದೆ, ಪಾಠ ಮಾಡುವವರು ಯಾರು, ಬಸ್ಸು ಎಷ್ಟು ಹೊತ್ತಿಗೆ ಎಂದು ತಾವೇ ಹೋಗಿ ನೋಡಿಕೊಂಡು ಬಂದಿರುತ್ತಿದ್ದರು.

ಇನ್ನು ಆಳದ್ದು. ಅದಕ್ಕೆ ಬರೆಯಲು ನಮ್ಮವರಿಗೆ ನಾಚಿಕೆ. ನಮ್ಮಂಥವರಿಗೆ ಅಲ್ಲೆಲ್ಲ ಕೊಡ್ತಾರಾ ಸರ್, ಸುಮ್ಮನೆ ಯಾಕೆ ಎನ್ನುತ್ತಿದ್ದೆವು. ಆಗ ಅವರು ಹೇಳುತ್ತಿದ್ದ ಮಾತು ನನಗೆ ಈಗಲೂ ಅವರ ದನಿಯಲ್ಲೇ ಕೇಳುತ್ತದೆ. "ಅವರು ಇಲ್ಲ ಅನ್ನಲಿ. ನೀ ಎಂತಕ್ಕೆ ಮೊದಲೇ ಅಂಬೂದು?"

ಅವರು ಇಲ್ಲ ಅಂದರೆ? ಅದಕ್ಕೂ ಒಂದು ವ್ಯವಸ್ಥೆ ಇತ್ತು. ಸೀಟು ಸಿಕ್ಕಿತೆಂದು ಪೇಡೆ ಹಿಡಿದುಕೊಂಡು ಬಂದವರಿಗೆ ಸರ್ "ಹೂಂ, ಒಳ್ಳೇದಾತು" ಎಂದಷ್ಟೇ ಹೇಳಿ ಕಳಿಸುತ್ತಿದ್ದರು. ಆಳದ ಕಾಲೇಜಿನಿಂದ ಇಲ್ಲ ಎಂಬ ಕಾರ್ಡು ಬಂದವರನ್ನು ಮಾತ್ರ ಬಸ್ ಸ್ಟ್ಯಾಂಡಿನ ಹತ್ತಿರದ ಹೋಟೆಲಿಗೆ ಕರೆದುಕೊಂಡು ಹೋಗಿ ಬನ್ಸು, ಚಾ ಕೊಡಿಸುತ್ತಿದ್ದರು. ಹೋಟೆಲಿನವನಿಗೆ ಇದು ಗೊತ್ತಿತ್ತು. ಸರ್ ಹಿಂದೆ ಜೋಲುಮುಖದ ಹುಡುಗನೊಬ್ಬ ಬರುವುದು ಕಂಡರೆ ಕೇಳದೆಯೇ ಬನ್ಸು ತಂದಿಡುತ್ತಿದ್ದ. ಹುಡುಗ ಬನ್ಸು ಮುರಿಯುತ್ತಿದ್ದ ಹಾಗೆ ಸರ್ ಅವನ ಕಾರ್ಡನ್ನು ಎರಡೂ ಬದಿ ತಿರುಗಿಸಿ ನೋಡಿ, ಚಲೋ ಕಾಗದ ಹಾಕಿದ್ದಾರೆ ಎಂದು ಮೆಚ್ಚಿ ವಾಪಸ್ಸು ಕೊಡುತ್ತಿದ್ದರು.

ಭಟ್ಕಳದ ಹುಡುಗನೊಬ್ಬ ನನ್ನ ವರ್ಷದವನೇ. ನವಾಯತ ಮುಸ್ಲಿಮರ ಮನೆಯವನು, ಬಹಳ ಚುರುಕು. ಅವನು ಎಲ್ಲವನ್ನೂ ಆಳಕ್ಕೇ ಹಾಕಿದ್ದ. ಒಂದಕ್ಕಿಂತ ಒಂದು ದೊಡ್ಡ ಎಂಜಿನಿಯರಿಂಗ್ ಕಾಲೇಜು. ಸರ್ ಬೈದರು, ಕೇಳಲಿಲ್ಲ. ಕೊನೆಗೆ ಅವರೇ ಭಟ್ಕಳದ ಅವನ ಮನೆಗೆ ಹೋದರು. ಅವನ ಅಜ್ಜಿ ಪರದೆಯ ಆಚೆ ಕೂತು ಎಲ್ಲ ಕೇಳಿ, ಉರ್ದು ಬೆರೆಸಿದ ಕನ್ನಡದಲ್ಲಿ, "ಮಾಸ್ಟರ್ ಸಾಬ್, ನೀವು ಮೊದಲು ಊಟ ಮಾಡಿ. ಅವನು ಬರೀತಾನೆ, ನಾನು ಬರೆಸ್ತೇನೆ" ಎಂದಳಂತೆ. ಸರ್ ಎರಡು ಸಲ ಬಡಿಸಿಕೊಂಡು ಉಂಡರು. ಹುಡುಗ ಮಾರನೆಯ ದಿನವೇ ಹೊಳೆಯದ್ದೊಂದು ಬರೆದು ತಂದ. ಮುಂದೆ ಅವನು ಕಲಿತದ್ದು ಅದೇ ಕಾಲೇಜಿನಲ್ಲಿ.

ಇನ್ನು ನನ್ನ ವಿಷಯ. ನನ್ನ ಅಪ್ಪ ತಾಂಡೇಲ. ದೋಣಿ ಯಾರದ್ದೇ ಆಗಿರಲಿ, ನೀರಿಗಿಳಿದ ಮೇಲೆ ಅದರಲ್ಲಿದ್ದವರೆಲ್ಲ ತಾಂಡೇಲನ ಮಾತು ಕೇಳಬೇಕು. ದಡದಲ್ಲೂ ಅವನ ಮಾತಿಗೆ ತೂಕವಿತ್ತು. ಮೀನು ತುಂಬಿದ ದೋಣಿ ಬಂದಾಗ ಯಾವ ವ್ಯಾಪಾರಿ ಮೊದಲು ಬುಟ್ಟಿಗೆ ಕೈಯಿಟ್ಟು ದರ ಹೇಳುತ್ತಾನೋ ಅವನಿಗೆ ತಾಂಡೇಲ "ಆತು" ಎಂದರೆ ಮುಗಿಯಿತು. ಹಿಂದೆಯೇ ಇನ್ನೊಬ್ಬ ಬಂದು ಎರಡರಷ್ಟು ಕೊಡುತ್ತೇನೆ ಎಂದರೂ ಆ ಬುಟ್ಟಿ ಅವನಿಗಿಲ್ಲ. ಮಾತು ತಿರುಗಿ ಬೇಕೇ ಬೇಕೆಂದರೆ ಇರುವುದು ಒಂದೇ ದಾರಿ. ಮೀನು ಎತ್ತುವ ಮೊದಲು ಆ ವ್ಯಾಪಾರಿಯ ಎದುರು ಹೋಗಿ ನಿಂತು "ಬಿಟ್ಟುಕೊಡು" ಎಂದು ಬಾಯಿಬಿಟ್ಟು ಕೇಳಬೇಕು. ಅಪ್ಪ ಜನ್ಮದಲ್ಲಿ ಹಾಗೆ ಕೇಳಿದವನಲ್ಲ.

ಅಂಥ ಅಪ್ಪ ನನ್ನ ಬಗ್ಗೆಯೂ ಒಂದು ಮಾತು ಕೊಟ್ಟಿದ್ದ. ನಾನು ತೊಟ್ಟಿಲಲ್ಲಿದ್ದಾಗ ಅಮ್ಮನ ಅಣ್ಣ, ಮುರ್ಡೇಶ್ವರದ ಮಾವ, ತನ್ನ ಮಗನಿಗೆ ಇವಳು ಎಂದಿದ್ದ. ಅಪ್ಪ ಆತು ಎಂದಿದ್ದ. ಮಾವ ಕೆಟ್ಟವನಲ್ಲ. ಮಗನೂ ಕೆಟ್ಟವನಲ್ಲ, ನನ್ನನ್ನು ಕಂಡರೆ ನಾಚಿ ಹಿತ್ತಲಿಗೆ ಓಡುವ ಜಾತಿ. ಪಿಯುಸಿ ಮುಗಿದ ವರ್ಷವೇ ಮದುವೆ ಎಂದು ಮಾವನ ಲೆಕ್ಕ. ಬೇಕಾದರೆ ಮದುವೆಯಾಗಿ ಕುಮಟಾಕ್ಕೆ ಹೋಗಿ ಬಂದು ಡಿಗ್ರಿ ಮಾಡಲಿ ಎಂಬಷ್ಟು ಧಾರಾಳವೂ ಅವನಿಗಿತ್ತು. ನನಗೆ ಮಾತ್ರ ಊರು ಬಿಟ್ಟು ಹೋಗಿ ಕಲಿಯಬೇಕು ಎಂಬ ಹಸಿವು. ಅದನ್ನು ಮನೆಯಲ್ಲಿ ಗಟ್ಟಿಯಾಗಿ ಹೇಳುವ ಧೈರ್ಯ ಇರಲಿಲ್ಲ.

ಸರ್ ನನಗೆ ಬರೆಸಿದ ಮೂರು ಹೀಗಿದ್ದವು. ಆಳದ್ದು ಹುಬ್ಬಳ್ಳಿಯ ಮೆಡಿಕಲ್. ದಂಡೆಯದ್ದು ಧಾರವಾಡದ ಕೃಷಿ ಕಾಲೇಜು. ಹೊಳೆಯದ್ದು ಕುಮಟಾದ ಬಿ.ಎಸ್ಸಿ. ಕೃಷಿ ಎಂದು ಕೇಳಿ ಅಪ್ಪ ಬಲೆ ಕೆಳಗಿಟ್ಟು ನಕ್ಕ. "ನಮ್ಮನೇಲಿ ಒಂದು ಕುಂಡ ತುಂಬುವಷ್ಟೂ ಮಣ್ಣಿಲ್ಲ. ಮಗಳು ಬೇಸಾಯ ಕಲಿಯೂದಂತೆ!" ನಕ್ಕರೂ ಮೂರಕ್ಕೂ ಸಹಿ ಹಾಕಿದ. ಮಾಸ್ತರರು ಬರೆಸಿದ್ದಾರಲ್ಲ, ದೂರದ್ದೆಲ್ಲ ಎಲ್ಲಿ ಸಿಕ್ಕೀತು ಎಂದು ಅವನ ಅಂದಾಜು.

ಮೊದಲು ಬಂದದ್ದು ಕುಮಟಾದ ಕಾರ್ಡು. ಮಾರನೆಯ ಬೆಳಿಗ್ಗೆಯೇ ಅಪ್ಪ ಸರ್‌ಗೆ ಹೇಳದೆ ಕೇಳದೆ ನನ್ನನ್ನು ಕುಮಟಾಕ್ಕೆ ಕರೆದುಕೊಂಡು ಹೋಗಿ ಹೆಸರು ಹಚ್ಚಿಸಿಬಿಟ್ಟ. ಅಲ್ಲಿನ ಪ್ರಿನ್ಸಿಪಾಲರು, ವಯಸ್ಸಾದವರು, ಎಲ್ಲರನ್ನೂ ಕೇಳುವ ಹಾಗೆ ಅವನನ್ನೂ ಕೇಳಿದರು. "ಇಲ್ಲೇ ಓದ್ತಾಳಲ್ಲ? ನಡುವೆ ಬಿಟ್ಟು ಹೋದ್ರೆ ನಮ್ಮ ಸೀಟು ಹಾಳು." ಅಪ್ಪ ಎದೆ ಸೆಟೆಸಿ, "ಆತು ಸಾಹೇಬ್ರೇ. ನನ್ನ ಮಾತು" ಎಂದ. ಪ್ರಿನ್ಸಿಪಾಲರು ಆಗಲೇ ಮುಂದಿನವರ ಕಾಗದ ನೋಡುತ್ತಿದ್ದರು. ಅಪ್ಪನ ಮಟ್ಟಿಗೆ ಬುಟ್ಟಿ ಹೋಗಿ ಆಗಿತ್ತು.

ನಾಲ್ಕು ದಿನ ಬಿಟ್ಟು ಹುಬ್ಬಳ್ಳಿಯಿಂದ ಇಲ್ಲ ಎಂದು ಬಂತು. ನಾನೂ ಬನ್ಸು ತಿಂದೆ. ಅಳುತ್ತಳುತ್ತ ಎರಡು ತಿಂದೆ. ಸರ್ ಮೂರನೆಯದು ಬೇಕಾ ಎಂದು ಮಾತ್ರ ಕೇಳಿದರು. ಅದಾದ ಮೇಲೆ ಧಾರವಾಡದ ಕಾರ್ಡು. ಸಂದರ್ಶನಕ್ಕೆ ಬನ್ನಿ ಎಂದಿತ್ತು. ನಾನು ಅದನ್ನು ಹಿಡಿದು ಮನೆಗೆ ಓಡಿದರೆ ಅಪ್ಪ ಓದಲೂ ಇಲ್ಲ. "ಕುಮಟಾದವರು ಮೊದಲು ಬಂದ್ರು. ಆತು ಅಂದಾಗಿದೆ. ಇನ್ನು ಅದರ ಮಾತು ಬೇಡ." ಅಮ್ಮ ಅಡಿಗೆಮನೆ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಅತ್ತ ಅಣ್ಣ, ಇತ್ತ ಮಗಳು.

ಆ ಸಂಜೆ ಸರ್ ದಂಡೆಗೆ ಬಂದರು. ಮಳೆಗಾಲವೆಂದು ದೋಣಿಗಳನ್ನು ಮೇಲೆಳೆದು ಸೋಗೆ ಹೊದೆಸಿದ್ದರು. ಅಪ್ಪ ಅದರ ಅಡಿಯಲ್ಲಿ ಕೂತು ಬಲೆ ಸರಿಮಾಡುತ್ತಿದ್ದ. ಸರ್ ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಚಪ್ಪಲಿ ಹಿಡಿದು ಮರಳಿನಲ್ಲಿ ತಡವರಿಸುತ್ತ ಬಂದರು. ನಾನು ಅಪ್ಪನ ಹಿಂದೆ ನಿಂತಿದ್ದೆ.

"ತಾಂಡೇಲರೇ, ಧಾರವಾಡಕ್ಕೆ ಕಳಿಸೂದಿಲ್ಲ ಅಂದ್ರಂತೆ."

"ಕುಮಟಾಕ್ಕೆ ಮಾತು ಕೊಟ್ಟಾಗಿದೆ ಮಾಸ್ತರೇ."

"ಅದು ಮೀನಲ್ಲ, ಕಾಲೇಜು!"

"ಮಾತು ಮಾತೇ ಅಲ್ದಾ?"

ಸರ್ ಮುಖ ಕೆಂಪಾಯಿತು. ಕೈಯಲ್ಲಿ ಡಸ್ಟರು ಇರಲಿಲ್ಲ, ಚಪ್ಪಲಿ ಇತ್ತು. ಅದನ್ನು ಎಸೆಯುವಂತಿರಲಿಲ್ಲ. ಮರಳಿನ ಮೇಲೆ ಮೆಲ್ಲಗೆ ಇಟ್ಟು, ದನಿ ಇಳಿಸಿ ಕೇಳಿದರು.

"ನಿಮ್ಮ ದಂಡೆ ಮೇಲೆ ಕೊಟ್ಟ ಮಾತು ತಿರುಗಿ ಕೇಳೂ ಪದ್ಧತಿ ಇಲ್ಲವಾ?"

"ಇದೆ. ಎದುರು ಹೋಗಿ ಕೇಳಬೇಕು. ನಾ ಯಾವತ್ತೂ ಕೇಳಿದವನಲ್ಲ. ಅವರು ಕೊಡೂದಿಲ್ಲ ಅಂದ್ರೆ ಮರ್ಯಾದಿ ಹೋಗ್ತದ್ಯಲ್ಲ?"

"ಅವರು ಕೊಡೂದಿಲ್ಲ ಅನ್ನಲಿ. ನೀವು ಎಂತಕ್ಕೆ ಮೊದಲೇ ಅಂಬೂದು?"

ನಮಗೆ ಹೇಳುವ ಮಾತನ್ನೇ ಅಪ್ಪನಿಗೂ ಹೇಳಿದ್ದರು. ಅಪ್ಪ ಬಲೆಯ ದಾರವನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡಿದ. ಆಮೇಲೆ ನಿಜವಾದ ಕಷ್ಟ ಹೊರಗೆ ಬಂತು.

"ಕುಮಟಾದವರು ಬಿಟ್ಟುಕೊಟ್ರೂ ಮುರ್ಡೇಶ್ವರ ಇದೆಯಲ್ಲ ಮಾಸ್ತರೇ? ಇವಳ ಮಾವನ ಮನೆ. ಮದುವೆ ಮಾತು."

ಸರ್‌ಗೆ ಇದು ಗೊತ್ತಿರಲಿಲ್ಲ. ನನ್ನ ಮುಖ ನೋಡಿದರು. ನಾನು ತಲೆ ತಗ್ಗಿಸಿದೆ. ಹೋಗುವ ಆಸೆ ಇದೆಯೋ ಇಲ್ಲವೋ ಎಂದು ಅವರು ಕೇಳಲಿಲ್ಲ. ನನ್ನ ಅಳು ನೋಡಿದವರಿಗೆ ಅದು ತಿಳಿದೇ ಇತ್ತು. "ಆತು, ಒಂದೊಂದೇ ನೋಡುವ. ನಾಳೆ ಕುಮಟಾ" ಎಂದರು.

ಮಾರನೆಯ ದಿನ ನನ್ನ, ಸರ್ ಜೊತೆ ಕುಮಟಾಕ್ಕೆ ಅಪ್ಪ ಮದುವೆ ಮನೆಗೆ ಹಾಕುವ ಬಿಳಿ ಅಂಗಿ ಹಾಕಿಕೊಂಡು ಬಂದ. ಪ್ರಿನ್ಸಿಪಾಲರ ಕೋಣೆಯ ಹೊರಗೆ ಚಪ್ಪಲಿ ಬಿಟ್ಟು, ಮೇಜಿನ ಎದುರು ಕೈಕಟ್ಟಿ ನಿಂತ. ಕೂರಿ ಎಂದರೂ ಕೂರಲಿಲ್ಲ.

"ಸಾಹೇಬ್ರೇ, ನಾ ನಿಮಗೊಂದು ಮಾತು ಕೊಟ್ಟಿದ್ದೆ. ತಿರುಗಿ ಕೇಳೂಕೆ ಬಂದೆ. ನೀವು ಬಿಟ್ಟುಕೊಟ್ರೆ ಮಾತ್ರ."

ಪ್ರಿನ್ಸಿಪಾಲರಿಗೆ ತಲೆಬುಡ ತಿಳಿಯಲಿಲ್ಲ. ಕನ್ನಡಕ ತೆಗೆದು ಅಪ್ಪನನ್ನೂ ಸರ್ ಅವರನ್ನೂ ನೋಡಿದರು. ಸರ್ ದಂಡೆಯ ಪದ್ಧತಿಯನ್ನು ವಿವರಿಸಿದರು. ಬುಟ್ಟಿ, ಕೈ, ಆತು ಎಂಬ ಮಾತು, ಎಲ್ಲ. ಈ ಸಲ ಮೀನಿನ ವಿಷಯದಲ್ಲಿ ಒಂದೂ ತಪ್ಪು ಹೇಳಲಿಲ್ಲ. ಕೇಳುತ್ತ ಹೋದ ಹಾಗೆ ಆ ಮುದುಕರ ಮುಖ ಬದಲಾಯಿತು. ಅವರು ಎದ್ದು ನಿಂತರು.

"ಇಷ್ಟು ವರ್ಷ ಈ ಕುರ್ಚಿಯಲ್ಲಿ ಕೂತೆ. ಹೋಗುವವರು ಹೇಳದೇ ಹೋಗ್ತಾರೆ. ಕೇಳಿ ಹೋಗೂಕೆ ಬಂದವರು ನೀವೇ. ಬಿಟ್ಟುಕೊಟ್ಟೆ ತಾಂಡೇಲರೇ. ಖುಷಿಯಿಂದ ಕಳಿಸಿ."

ಅಪ್ಪ ಉಸಿರು ಬಿಟ್ಟ. ಅಷ್ಟರಲ್ಲಿ ನಮ್ಮ ಸರ್ ಸುಮ್ಮನಿರಬೇಕಲ್ಲ. ಧಾರವಾಡದ ಸಂದರ್ಶನ ಇನ್ನೂ ಆಗಿಲ್ಲ, ಅದು ಮುಗಿಯುವ ತನಕ ಹುಡುಗಿಯ ಹೆಸರು ಹೊಡೆಯಬೇಡಿ ಎಂದು ಪ್ರಿನ್ಸಿಪಾಲರಿಗೆ ಹೇಳಿದರು. ಹೊಳೆಯನ್ನು ಕೈಬಿಟ್ಟು ಅವರಿಗೆ ಅಭ್ಯಾಸವೇ ಇಲ್ಲ. ಅಪ್ಪ ಸಿಡಿದುಬಿದ್ದ. "ಎಂತ ಮಾಸ್ತರೇ, ಬಿಡಿಸಿಕೊಂಡ ಬುಟ್ಟಿಗೆ ಮತ್ತೆ ಕೈಯಿಡೂದಾ? ನಾಚಿಗಿ ಇಲ್ಲವಾ?" ಇಬ್ಬರೂ ಅಲ್ಲೇ ವಾದಕ್ಕೆ ನಿಂತರು. ಪ್ರಿನ್ಸಿಪಾಲರು ಜೋರಾಗಿ ನಕ್ಕು, "ಹೆಸರು ಇಲ್ಲೇ ಇರಲಿ. ನೀವು ನಿಮ್ಮ ಮಾತು ಮಾತ್ರ ತಕ್ಕೊಂಡು ಹೋಗಿ" ಎಂದು ತೀರ್ಪು ಕೊಟ್ಟರು.

ತಿರುಗಿ ಬರುವ ಬಸ್ಸು ಹೊನ್ನಾವರದ ಹತ್ತಿರ ಬಂದ ಮೇಲೆ ಅಪ್ಪ ಮುಂದಿನ ಸೀಟಿನಲ್ಲಿದ್ದ ಸರ್ ಕಡೆ ಬಾಗಿ, "ಮಾಸ್ತರೇ, ನಾಳೆ ನಿಮಗೆ ಕ್ಲಾಸು ಇದೆಯಾ?" ಎಂದ.

"ಇದೆ. ಎಂತಕ್ಕೆ?"

"ಮುರ್ಡೇಶ್ವರಕ್ಕೆ ಹೋಗೂದಿತ್ತು. ನಾ ಒಬ್ಬನೇ ಹೋದ್ರೆ ಬಾಯಿ ಬರೂದಿಲ್ಲ."

ಸರ್ ಹಿಂದಕ್ಕೆ ತಿರುಗಲಿಲ್ಲ. ಕಿಟಕಿಯ ಆಚೆ ನೋಡುತ್ತಲೇ, "ಕ್ಲಾಸು ಬೇರೆಯವರು ಮಾಡ್ತ್ರು. ಹೋಗುವ. ಹುಡುಗಿಯೂ ಬರಲಿ, ಅವಳದ್ದೇ ವಿಷಯ" ಎಂದರು.

ಮುರ್ಡೇಶ್ವರದಲ್ಲಿ ಮಾವ ನಮ್ಮನ್ನು ಕಂಡು ಹಿಗ್ಗಿದ. ಮದುವೆಯ ದಿನ ಗೊತ್ತುಮಾಡಲು ಬಂದಿದ್ದೇವೆ ಎಂದೇ ಎಣಿಸಿದ್ದ. ನನ್ನನ್ನು ಒಳಗೆ ಅತ್ತೆಯ ಹತ್ತಿರ ಕಳಿಸಿದರು. ಅಲ್ಲಿಂದ ಜಗುಲಿಯ ಪ್ರತಿ ಮಾತೂ ಕೇಳುತ್ತಿತ್ತು. ಅಪ್ಪ "ಭಾವಾ" ಎಂದ. ಮತ್ತೊಮ್ಮೆ "ಭಾವಾ" ಎಂದ. ಕೊನೆಗೆ ಹೇಗೋ ಹೇಳಿ ಮುಗಿಸಿದ. ಹುಡುಗಿ ಧಾರವಾಡದಲ್ಲಿ ಕಲಿಯಬೇಕು ಅಂತಿದೆ, ನಾಲ್ಕು ವರ್ಷ, ಹುಡುಗನನ್ನು ಅಷ್ಟು ದಿನ ಕಾಯಿಸುವುದು ಸರಿಯಲ್ಲ, ನನ್ನ ಮಾತು ಬಿಟ್ಟುಕೊಡು.

ಮಾವ ಗುಡುಗಿದ. "ತೊಟ್ಟಿಲಿನ ಮಾತು! ನಾಳೆ ಊರವರಿಗೆ ನಾ ಎಂತ ಹೇಳೂದು? ತಾಂಡೇಲನ ಮಾತು ಅಂದ್ರೆ ಇಷ್ಟೇಯಾ? ಇನ್ನು ನಿನ್ನ ಮನೆ ಮೆಟ್ಟಿಲು..."

ಅವನು ಆ ವಾಕ್ಯ ಮುಗಿಸಲಿಲ್ಲ. ನಡುವೆ ಸರ್ ದನಿ ಬಂತು. "ಅವರದ್ದೇನೂ ತಪ್ಪಿಲ್ಲ. ಇದೆಲ್ಲ ನನ್ನ ಕೆಲಸ. ಧಾರವಾಡಕ್ಕೆ ಬರೆಸಿದವ ನಾನು. ತಾಂಡೇಲರಿಗೆ ಗೊತ್ತೇ ಇರಲಿಲ್ಲ."

ಹಸೀ ಸುಳ್ಳು. ಅರ್ಜಿಗೆ ಅಪ್ಪನೇ ಸಹಿ ಹಾಕಿದ್ದ. ಆದರೆ ಮಾವನ ಸಿಟ್ಟಿಗೆ ಒಂದು ಜಾಗ ಸಿಕ್ಕಿತು. ಆಮೇಲೆ ಅವನು ಬೈದ ಪರಿ ಬರೆಯುವಂಥದ್ದಲ್ಲ. ಕಲಿಸುವುದು ಬಿಟ್ಟು ಮನೆ ಮುರಿಯಲು ಬಂದವನೇ ಎಂದ. ಹೆಣ್ಣುಮಕ್ಕಳ ತಲೆ ಕೆಡಿಸುವ ಸಂಬಳ ಬೇರೆ ಬರುತ್ತದಾ ಎಂದ. ಏಕವಚನಕ್ಕೆ ಇಳಿದ. ನಾನು ಬಾಗಿಲ ಸಂದಿಯಿಂದ ನೋಡಿದೆ. ಒಂದು ಸಮೀಕರಣ ತಪ್ಪಿದರೆ ಡಸ್ಟರು ಎಸೆಯುತ್ತಿದ್ದ ಮನುಷ್ಯ ಮೊಣಕಾಲ ನಡುವೆ ಕೊಡೆ ನಿಲ್ಲಿಸಿಕೊಂಡು, "ಹೌದು, ನಂದೇ ತಪ್ಪು" ಎಂದು ತಲೆಯಾಡಿಸುತ್ತ, ಅತ್ತೆ ಇಟ್ಟಿದ್ದ ಚಾ ಕುಡಿಯುತ್ತಿದ್ದರು. ನನಗೆ ದುಃಖ ತಡೆಯಲಾಗಲಿಲ್ಲ. ಅತ್ತೆಯೂ ಕಣ್ಣೊರೆಸಿಕೊಳ್ಳುತ್ತಿದ್ದಳು. ಒರೆಸಿಕೊಳ್ಳುತ್ತಲೇ ಅಮ್ಮನಿಗೆಂದು ಒಣಮೀನು ಕಟ್ಟುತ್ತಿದ್ದಳು.

ಬೈದು ಬೈದು ಸುಸ್ತಾದ ಮೇಲೆ ಮಾವ ಅಪ್ಪನ ಕಡೆ ತಿರುಗಿ, "ತಕ್ಕೊಂಡು ಹೋಗು ಮಾರಾಯಾ ನಿನ್ನ ಮಾತು" ಎಂದ.

ಹೆದ್ದಾರಿಗೆ ಬಂದು ಬಸ್ಸಿಗೆ ಕಾಯುತ್ತ ನಿಂತೆವು. ಸಣ್ಣಗೆ ಮಳೆ. ಅಪ್ಪನಿಗೆ ಸರ್ ಮುಖ ನೋಡಲು ಆಗುತ್ತಿರಲಿಲ್ಲ. "ನನ್ನ ದೆಸೆಯಿಂದ ನೀವು ಇಲ್ಲದ್ದು ಕೇಳಬೇಕಾತು" ಎಂದ. ಸರ್ ತಮ್ಮ ಕೊಡೆಯನ್ನು ನನ್ನ ಕಡೆ ಸರಿಸುತ್ತ ಹೇಳಿದರು. "ನನಗೆ ಬೈದದ್ದೇ ಒಳ್ಳೇದಾತು. ನಾ ಇನ್ನು ಆ ಮನೆಗೆ ಬರೂದಿಲ್ಲ. ನೀವು ಬರಬೇಕಲ್ಲ."

ಧಾರವಾಡದಲ್ಲಿ ಸೀಟು ಸಿಕ್ಕಿತು. ಸಂದರ್ಶನದಲ್ಲಿ ಮಣ್ಣಿನ ಬಗ್ಗೆ ಕೇಳಿದರು, ನಾನು ಮರಳಿನ ಬಗ್ಗೆ ಹೇಳಿದೆ, ಅವರು ನಕ್ಕು ತೆಗೆದುಕೊಂಡರು. ಮುಂದೆ ಕೃಷಿ ಇಲಾಖೆಯಲ್ಲಿ ಬಯಲುಸೀಮೆಯ ಹೊಲಗಳನ್ನು ತಿರುಗಿ ನಿವೃತ್ತಳಾದೆ. ಸರ್ ತಮ್ಮ ನಿವೃತ್ತಿಯವರೆಗೂ ಅದೇ ಜಗುಲಿಯಲ್ಲಿ ಅದೇ ಮೂರು ನಮೂನೆ ಬರೆಸುತ್ತ, ಬಂಗಡೆಯ ಬಗ್ಗೆ ತಪ್ಪು ಹೇಳುತ್ತ ಇದ್ದರಂತೆ.

ನಾನು ಧಾರವಾಡ ಸೇರಿದ ವರ್ಷದ ಚೌತಿಗೆ ಊರಿಗೆ ಬಂದಿದ್ದೆ. ಮುರ್ಡೇಶ್ವರದ ಮಾವ ಬರುತ್ತಾನೋ ಇಲ್ಲವೋ ಎಂದು ಅಮ್ಮ ಬೆಳಿಗ್ಗೆಯಿಂದ ದಾರಿ ನೋಡಿ ನೋಡಿ ಸೋತಿದ್ದಳು. ಊಟದ ಹೊತ್ತಿಗೆ ಬಂದ. ಅಪ್ಪನ ಪಕ್ಕದಲ್ಲೇ ಕೂತ. ಬಾಳೆಎಲೆಗೆ ನೀರು ಚಿಮುಕಿಸುತ್ತ ಶುರುಮಾಡಿದ. ಆ ಮಾಸ್ತರ ಇನ್ನೂ ಊರಲ್ಲಿದ್ದಾನಾ, ಅವನನ್ನು ಎತ್ತಂಗಡಿ ಮಾಡಿಸಬೇಕು, ಇಂಥವರಿಂದಲೇ ಕಾಲ ಕೆಟ್ಟದ್ದು. ಪಾಯಸ ಬರುವವರೆಗೂ ಬೈದ. ಅಪ್ಪ ತಲೆ ತಗ್ಗಿಸಿ ಉಣ್ಣುತ್ತಿದ್ದ. ನಾನು ಬಡಿಸುತ್ತಿದ್ದೆ. ಮಾವ ಪಾಯಸವನ್ನು ಎರಡು ಸಲ ಹಾಕಿಸಿಕೊಂಡ.

ಮಾರನೆಯ ದಿನ ಸರ್ ಮನೆಗೆ ಹೋಗಿ ಎಲ್ಲ ಹೇಳಿದೆ. ನನಗಿನ್ನೂ ಸಿಟ್ಟಿತ್ತು. ಹಬ್ಬದ ದಿನವೂ ನಿಮಗೆ ಬೈದರು ಸರ್, ನಮ್ಮ ಮನೆಯಲ್ಲೇ ಕೂತು ಬೈದರು ಎಂದೆ.

ಸರ್ ಮುಖ ಅರಳಿತು.

"ಬೈಯಲಿ ಬಿಡೇ" ಎಂದರು. "ಬಂದ್ರಲ್ಲ."